ಡ್ರೈವರ್ ಇಲ್ಲದ ಕಾರಿಗೆ ನಾಲ್ಕು ಜನ

ಈ ವರ್ಷವೂ ಫೋಟೋ ಬಂತು, ನೋಡಿದ್ರಲ್ಲ? ಚಾಲಕನಿಲ್ಲದ ಕಾರು ‘ಕಂಡುಹಿಡಿದ’ ಇಂಜಿನಿಯರಿಂಗ್ ಹುಡುಗರು. ಪಕ್ಕದಲ್ಲಿ ಪ್ರಿನ್ಸಿಪಾಲರು, ಎಚ್‌ಓಡಿ, ಇಡೀ ಆಡಳಿತ ಮಂಡಳಿ. ಕಾರು ಎಲ್ಲಿ ಅಂತ ಹುಡುಕಬೇಕು. ಯಾರದೋ ಶಾಲಿನ ಕೆಳಗೆ ಒಂದು ಪುಟ್ಟ ಚಕ್ರ ಇಣುಕುತ್ತಿರುತ್ತದೆ.

ನನಗಂತೂ ಹೆಮ್ಮೆ. 2004ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಮೊಹಾವಿ ಮರುಭೂಮಿಯಲ್ಲಿ ಇಂಥ ಗಾಡಿಗಳ ಪಂದ್ಯ ಇಟ್ಟಿತ್ತು. ಸುಮಾರು 240 ಕಿಲೋಮೀಟರ್ ದಾರಿ, 10 ಲಕ್ಷ ಡಾಲರ್ ಬಹುಮಾನ. ಎಲ್ಲರಿಗಿಂತ ಮುಂದೆ ಹೋದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಗಾಡಿ 12 ಕಿಲೋಮೀಟರ್ ಕೂಡ ಮುಟ್ಟದೆ ಒಂದು ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಒಬ್ಬರೂ ಪಾಸಾಗಲಿಲ್ಲ! ನಮ್ಮಲ್ಲಿ ಫೇಲಾದ ಪ್ರಾಜೆಕ್ಟ್ ಒಂದನ್ನು ತೋರಿಸಿ ನೋಡೋಣ.

ನಮ್ಮ ಕಾರು ಹುಟ್ಟೋದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಾಮಾನಿನ ಸಂತೆ ಎಸ್.ಪಿ. ರೋಡಿನಲ್ಲಿ. ಅಂಗಡಿಯವನು ಹೆಸರು ಕೇಳಿದ್ದೇ ತಡ, ಕಾರಿಗೆ ಮಿದುಳಾಗುವ ಒಂದು ಆರ್ಡುಯಿನೊ ಬೋರ್ಡು, ಎರಡು ಹಳದಿ ಮೋಟಾರು, ಎರಡು ಕಣ್ಣಿನ ಅಲ್ಟ್ರಾಸಾನಿಕ್ ಸೆನ್ಸರ್ ಕವರಿಗೆ ಹಾಕಿ ಕೊಡುತ್ತಾನೆ. ಆ ಸೆನ್ಸರ್ ನಮಗೆ ಕೇಳಿಸದ ಶಬ್ದ ಬಿಟ್ಟು, ಅದು ಬಡಿದು ವಾಪಸ್ ಬರುವ ಹೊತ್ತನ್ನು ಅಳೆದು, ಎದುರಿಗಿರೋದು ಎಷ್ಟು ದೂರ ಅಂತ ಹೇಳುತ್ತದೆ. ಗೋಡೆ ಕಂಡರೆ ಕಾರು ಗೌರವದಿಂದ ನಿಲ್ಲುತ್ತದೆ. ಮೆತ್ತನೆ ಬಟ್ಟೆ ಮಾತ್ರ ಶಬ್ದವನ್ನು ನುಂಗಿಬಿಡುತ್ತದೆ. ಹಾಗಾಗಿ ಮುಖ್ಯ ಅತಿಥಿಗಳ ಪಂಚೆಯೊಳಗೆ ನೇರ ಪ್ರವೇಶ. ಉದ್ಘಾಟನೆಯ ಟೇಪಂತೂ ಅದರ ಕಣ್ಣಿಗೇ ಬೀಳೋದಿಲ್ಲ. ಕತ್ತರಿ ಬರುವ ಮೊದಲೇ ಉದ್ಘಾಟನೆ ಮುಗಿದಿರುತ್ತದೆ.

ಎರಡು ಮೋಟಾರು ಒಂದೇ ವೇಗದಲ್ಲಿ ತಿರುಗಿದ ಚರಿತ್ರೆಯಿಲ್ಲ. ಕಾರು ಸದಾ ಒಂದು ಕಡೆಗೇ ವಾಲುತ್ತದೆ. ಚಿಂತೆಯಿಲ್ಲ, ರಿಪೋರ್ಟಿನ ಕೊನೆಗೆ ‘ಫ್ಯೂಚರ್ ಸ್ಕೋಪ್’ ಅಂತ ಒಂದು ಅಧ್ಯಾಯ ಇದೆಯಲ್ಲ. ಅಲ್ಲಿ ಇದೇ ಕಾರು ಗಡಿ ಕಾಯುತ್ತದೆ, ಗಣಿಗೆ ಇಳಿಯುತ್ತದೆ, ಮಂಗಳ ಗ್ರಹಕ್ಕೂ ಹೋಗಿಬರುತ್ತದೆ. ಸದ್ಯಕ್ಕೆ ಸೆಮಿನಾರ್ ಹಾಲಿನ ಹೊಸ್ತಿಲು ದಾಟಿಸಲು ಯಾರಾದರೂ ಎತ್ತಿಕೊಳ್ಳಬೇಕು, ಅಷ್ಟೇ.

2023ರಲ್ಲಿ ಗಡ್ಕರಿಯವರು, ಡ್ರೈವರುಗಳ ಕೆಲಸ ಹೋಗುತ್ತೆ, ಚಾಲಕನಿಲ್ಲದ ಕಾರನ್ನು ಭಾರತಕ್ಕೆ ಬಿಡೋದೇ ಇಲ್ಲ ಅಂದಿದ್ದರು. ಸುಮ್ನೆ ಗಾಬರಿಯಾದರು. ನಮ್ಮ ಕಾರು ನಾಲ್ಕು ಜನಕ್ಕೆ ಕೆಲಸ ಕೊಡುತ್ತದೆ. ಒಬ್ಬ ವೈರು ಹಿಡಿಯಲು, ಒಬ್ಬ ಪಿಪಿಟಿ ತಿರುವಲು, ಒಬ್ಬ ದುಡ್ಡು ಹಾಕಲು. ನಾಲ್ಕನೆಯವನು ಮೂಲೆಯಲ್ಲಿ ನಿಂತು, ಮೊಬೈಲಿನ ಬ್ಲೂಟೂತಿನಲ್ಲಿ ಕಾರನ್ನು ‘ತಾನೇ ಓಡುವಂತೆ’ ಮಾಡಲು.

ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಒಂದು ಮೋಟಾರು ಯಾಕೆ ನಿಧಾನ ಅಂತ ಒಂದು ವಾರ ತಲೆಕೆಡಿಸಿಕೊಂಡಿದ್ದರೆ ಅವರು ನಿಜವಾಗಿ ಏನೋ ಕಲಿಯುತ್ತಿದ್ದರು. ಆ ಒಂದು ವಾರ ಕೊಡೋರು ಯಾರು? ಬೋರ್ಡು ಲ್ಯಾಬಿನ ಬೀರುವಿನಲ್ಲಿ, ಬೀರುವಿನ ಕೀ ಅಟೆಂಡರ್ ಹತ್ತಿರ, ಅಟೆಂಡರ್ ರಜೆಯಲ್ಲಿ. ಸುಟ್ಟುಹಾಕಿದರೆ ದಂಡ. ಓಡದಿದ್ದರೆ ಮಾರ್ಕ್ಸ್ ಇಲ್ಲ. ಮೊಹಾವಿಯಲ್ಲಿ ಸೋತವರು 2005ರಲ್ಲಿ ಮತ್ತೆ ಬಂದರು, ಜೊತೆಗೆ ಹೊಸಬರೂ ಬಂದರು. ಸ್ಟ್ಯಾನ್‌ಫರ್ಡಿನ ಗಾಡಿ ಗೆದ್ದಿತು, ಒಟ್ಟು ಐದು ಗಾಡಿ ಗುರಿ ಮುಟ್ಟಿದವು. ನಮ್ಮ ಹುಡುಗನಿಗೆ ಎರಡನೇ ಸಲ ಅಂದರೆ ಬ್ಯಾಕ್‌ಲಾಗ್. ಅದಕ್ಕೇ ಅಪ್ಪ ಸಾಲ ಮಾಡಿ ಕಟ್ಟಿದ ಫೀಸಿನ ಮೇಲೆ ಇನ್ನಷ್ಟು ದುಡ್ಡು ತಂದು ರೆಡಿಮೇಡ್ ಕಾರು ಕೊಳ್ಳುತ್ತಾನೆ. ಇದು ಗೈಡಿಗೂ ಗೊತ್ತು, ಹೊರಗಿನಿಂದ ಪರೀಕ್ಷೆ ಮಾಡಲು ಬರುವ ಎಕ್ಸ್‌ಟರ್ನಲ್ಲಿಗೂ ಗೊತ್ತು. ಎಲ್ಲರೂ ಸಹಿ ಹಾಕುತ್ತಾರೆ. ಥೂ.

ಮೊನ್ನೆ ಒಂದು ಪ್ರಾಜೆಕ್ಟ್ ಅಂಗಡಿಯಲ್ಲಿ ವಿಚಾರಿಸಿದೆ. ‘ಹೋದ ವರ್ಷದ್ದೇ ಸರ್, ಆದ್ರೆ ಈ ಸಲ ಎಐ ಇದೆ, ರೇಟು ಸ್ವಲ್ಪ ಜಾಸ್ತಿ’ ಅಂದ. ಎಐ ಎಲ್ಲಿದೆಯಪ್ಪಾ ಅಂತ ಕೇಳಿದರೆ ರಿಪೋರ್ಟಿನ ರಟ್ಟು ತೋರಿಸಿದ. ಬಂಗಾರದ ಬಣ್ಣದ ಅಕ್ಷರದಲ್ಲಿ ಚೆನ್ನಾಗಿಯೇ ಪ್ರಿಂಟಾಗಿತ್ತು.