ಸೊಂಟದಲ್ಲಿ ಪಿಸ್ತೂಲು, ಬಾಯಲ್ಲಿ ಕೆಮ್ಮು

ಸಿಯಾಟಲ್‌ಗೆ ಬಂದು ಒಂಬತ್ತು ವರ್ಷವಾಯಿತು. ಪ್ರತಿ ಬೇಸಿಗೆಯಲ್ಲೂ ಚೀಲ ಬೆನ್ನಿಗೇರಿಸಿ ಮೊಂಟಾನಾದ ಕಾಡಿಗೆ ನಾಲ್ಕೈದು ದಿನ ಹೋಗುತ್ತೇನೆ. ಜೊತೆಗೆ ಬರುವ ಇಲ್ಲಿನ ಗೆಳೆಯ ತೂಕದ ವಿಷಯದಲ್ಲಿ ಮಹಾ ಜಿಪುಣ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೇ ಅರ್ಧಕ್ಕೆ ಕತ್ತರಿಸಿದ್ದಾನೆ. ಆದರೆ ಸೊಂಟದಲ್ಲಿ ಮಾತ್ರ ಒಂದು ಕಿಲೋಗೂ ಜಾಸ್ತಿ ತೂಗುವ ಟೆನ್ ಎಂಎಂ ಪಿಸ್ತೂಲು. ಕರಡಿ ಬಂದರೆ ಇರಲಿ ಅಂತ.

ನಾನು ಕರಡಿಧಾಮ ಇರುವ ದರೋಜಿ ಕಡೆಯವನು. ಕರಡಿ ನನಗೆ ಹೊಸದಲ್ಲ. ಆದರೆ ನಮ್ಮದು ಹುತ್ತ ಕೆದರಿ ಗೆದ್ದಲು ಹೀರುವ ಕರಡಿ. ತಿನ್ನುವುದರಲ್ಲಿ ಮುಳುಗಿದರೆ ಪಕ್ಕಕ್ಕೆ ಯಾರು ಬಂದರೂ ಅದಕ್ಕೆ ಗೊತ್ತಾಗಲ್ಲ. ಗೊತ್ತಾದಾಗ ಗಾಬರಿಬಿದ್ದು ಮುಖಕ್ಕೇ ಎರಗುತ್ತದೆ. ನಸುಕಿನಲ್ಲಿ ಹೊಲಕ್ಕೆ ಹೊರಟರೆ ಸೋದರಮಾವ ಹೇಳುತ್ತಿದ್ದದ್ದು ಒಂದೇ ಮಾತು. "ಕೆಮ್ಮಿಕೊಂತ ಹೋಗಲೇ ತಮ್ಮಾ, ಅದೇ ದಾರಿ ಬಿಡ್ತೈತಿ." ಬಂದೂಕಿನ ಮಾತೇ ಇರಲಿಲ್ಲ. ನಮ್ಮಲ್ಲಿ ಲೈಸೆನ್ಸ್ ಸಿಗುವುದೂ ಅಷ್ಟರಲ್ಲೇ ಇದೆ ಬಿಡಿ.

ಇನ್ನೊಂದು ತಮಾಷೆ. ದರೋಜಿಯಲ್ಲಿ ಪ್ರವಾಸಿಗರಿಗೆ ಕರಡಿ ಕಾಣಲಿ ಅಂತ ಬಂಡೆಗೆ ಬೆಲ್ಲ ಸವರುತ್ತಾರೆ. ಇಲ್ಲಿ ಟೂತ್‌ಪೇಸ್ಟ್ ಕೂಡ ಕರಡಿ ತೆಗೆಯಲಾಗದ ಡಬ್ಬಿಯಲ್ಲಿ ಮುಚ್ಚಿಟ್ಟು, ಟೆಂಟಿನಿಂದ ದೂರ ಇಡಬೇಕು.

ಇಲ್ಲಿನ ಕಾನೂನುಗಳೂ ವಿಚಿತ್ರ. 2010ರ ಫೆಬ್ರವರಿಯಿಂದ, ಆಯಾ ರಾಜ್ಯದ ಕಾನೂನು ಒಪ್ಪಿದರೆ, ರಾಷ್ಟ್ರೀಯ ಉದ್ಯಾನಗಳೊಳಗೆ ಬಂದೂಕು ಒಯ್ಯಬಹುದು. ಒಯ್ಯಬಹುದು ಅಷ್ಟೆ, ಯೆಲ್ಲೋಸ್ಟೋನ್‌ನಂಥ ಕಡೆ ಹಾರಿಸುವುದು ನಿಷಿದ್ಧ. ವಿಮಾನದಲ್ಲಿ ಗುಂಡು ತೆಗೆದ ಪಿಸ್ತೂಲನ್ನು ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಕೌಂಟರಿನಲ್ಲಿ ಹೇಳಿ ಲಗೇಜಿಗೆ ಹಾಕಬಹುದು. ಕರಡಿ ಸ್ಪ್ರೇ ಡಬ್ಬಿಯನ್ನು ಮಾತ್ರ ಲಗೇಜಿನಲ್ಲೂ ಬಿಡಲ್ಲ. ಮೊದಲ ಸಲ ವಿಮಾನ ನಿಲ್ದಾಣದಲ್ಲಿ ನನ್ನ ಹೊಚ್ಚಹೊಸ ಡಬ್ಬಿ ಕಸದ ಬುಟ್ಟಿಗೆ ಹೋಯಿತು.

ಆ ಸ್ಪ್ರೇ ಅಂದರೆ ಮತ್ತೇನಲ್ಲ, ಮೆಣಸಿನಕಾಯಿಯ ಖಾರ. ಒಗ್ಗರಣೆಯಲ್ಲಿ ಗುಂಟೂರು ಮೆಣಸಿನಕಾಯಿ ಸೀದರೆ ಮನೆಮಂದಿಯೆಲ್ಲ ಕೆಮ್ಮುತ್ತಾ ಹೊರಗೆ ಓಡುತ್ತೇವಲ್ವಾ, ಅದೇ ಉಪಾಯ. ಎಂಟು ಹತ್ತು ಮೀಟರ್ ದೂರಕ್ಕೆ ಕೆಂಪು ಮೋಡವೇ ಏಳುತ್ತದೆ. ಗುರಿ ಸ್ವಲ್ಪ ತಪ್ಪಿದರೂ ನಡೆಯುತ್ತದೆ. ಎದುರು ಗಾಳಿ ಇದ್ದರೆ ಮಾತ್ರ ಖಾರ ನಮಗೇ.

ಪಿಸ್ತೂಲಿಗೆ ಆ ರಿಯಾಯಿತಿ ಇಲ್ಲ. ಇಲ್ಲಿನ ದೊಡ್ಡ ಕಂದು ಕರಡಿ ಗ್ರಿಜ್ಲಿ ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಮೂವತ್ತು ಮೀಟರ್ ದೂರದಲ್ಲಿ ಕಂಡರೆ ನಿಮ್ಮ ಕೈಯಲ್ಲಿರುವುದು ಎರಡೇ ಸೆಕೆಂಡು. ಅಷ್ಟರಲ್ಲಿ ಪಿಸ್ತೂಲು ತೆಗೆದು, ಮೇಲೆ ಕೆಳಗೆ ಕುಣಿಯುತ್ತಾ ಬರುವ ತಲೆಗೆ ಗುರಿ ಇಡಬೇಕು. ಭಾನುವಾರ ಶೂಟಿಂಗ್ ರೇಂಜಿನಲ್ಲಿ ಕಾಗದಕ್ಕೆ ಹೊಡೆದವರಿಗೆಲ್ಲ ಇದು ದಕ್ಕುವ ಕೆಲಸವಲ್ಲ. ಗಾಯಗೊಂಡು ಓಡಿದ ಕರಡಿ ನಾಳೆ ಬರುವವನಿಗೆ ಕಾದಿರುತ್ತದೆ, ಅದು ಬೇರೆ.

ಹಾಗಂತ ಗೆಳೆಯನನ್ನು ಹುಚ್ಚ ಅನ್ನುವ ಹಾಗೂ ಇಲ್ಲ. ಅಲಾಸ್ಕಾದ 269 ಘಟನೆಗಳನ್ನು ನೋಡಿದ 2012ರ ಅಧ್ಯಯನವೊಂದರಲ್ಲಿ ಪಿಸ್ತೂಲು, ರಿವಾಲ್ವರ್‌ಗಳು ಶೇಕಡಾ 84ರಷ್ಟು ಸಲ ಕರಡಿಯನ್ನು ತಡೆದಿದ್ದವು. ಆದರೆ ಬಂದೂಕಿದ್ದವರ ಪೈಕಿ ಹಾರಿಸಿದವರಿಗೂ ಹಾರಿಸದವರಿಗೂ ಗಾಯವಾದ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತಲೂ ಅದೇ ಅಧ್ಯಯನ ಹೇಳುತ್ತದೆ. ನನಗೆ ಮುಖ್ಯ ಅನಿಸುವುದು ಈ ಎರಡನೇ ಮಾತು. ಪಿಸ್ತೂಲಿದ್ದರೆ ಧೈರ್ಯ ಬರುತ್ತದೆ, ಧೈರ್ಯ ಬಂದವನು ಬಾಯಿ ಮುಚ್ಚಿಕೊಂಡು ನಡೆಯುತ್ತಾನೆ.

ಎರಡು ವರ್ಷದ ಹಿಂದೆ ಆದದ್ದೂ ಅದೇ. ಜಿಟಿಜಿಟಿ ಮಳೆ, ಪಕ್ಕದಲ್ಲಿ ಭೋರ್ಗರೆಯುವ ಹಳ್ಳ. ಗೆಳೆಯ ಮುಂದಿದ್ದ, ಸುಮ್ನೆ ನಡೆಯುತ್ತಿದ್ದ. ತಿರುವಿನಲ್ಲಿ ಗ್ರಿಜ್ಲಿ, ನಲವತ್ತು ಹೆಜ್ಜೆಯೂ ಇರಲಿಲ್ಲ. ಅವನ ಕೈ ಸೊಂಟಕ್ಕೆ ಹೋಯಿತು. ಪಿಸ್ತೂಲಿನ ಮೇಲೆ ರೇನ್‌ಕೋಟು, ಅದರ ಮೇಲೆ ಚೀಲದ ಬೆಲ್ಟು. ಒದ್ದೆ ಬೆರಳು ಬಕಲ್ ಹುಡುಕುತ್ತಿತ್ತು. ನಾನು ಎದೆಪಟ್ಟಿಯಿಂದ ಸ್ಪ್ರೇ ಎಳೆದು ಪಿನ್ನು ಕಿತ್ತಿದ್ದೆ. ಬಾಯಿಂದ ಬಂದದ್ದು ಮಾತ್ರ ಅಚ್ಚ ಕನ್ನಡ: "ಹೋಯ್, ಹೋಗಪ್ಪಾ ಹೋಗು!" ಅದು ಒಮ್ಮೆ ಬುಸ್ ಅಂದು ಪೊದೆಗೆ ಇಳಿದುಹೋಯಿತು. ಸ್ಪ್ರೇ ಒತ್ತುವ ಪ್ರಸಂಗವೇ ಬರಲಿಲ್ಲ.

ಮರುವರ್ಷವೂ ಗೆಳೆಯ ಪಿಸ್ತೂಲು ತಂದ. ಎದೆಗೆ ಸ್ಪ್ರೇ ಡಬ್ಬಿಯೂ ನೇತಾಡುತ್ತಿತ್ತು. ತೂಕ ಜಾಸ್ತಿಯಾಯಿತು ಅಂತ ಗೊಣಗಿ, ಚಮಚವನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ನಾಲ್ಕು ದಿನವೂ ನನ್ನ ಚಮಚದಲ್ಲೇ ಉಂಡ.