ವಿಂಡೋಸ್ 10 ಮುಗೀತಂತ ಕಂಪ್ಯೂಟರ್ ಗುಜರಿಗೆ ಹಾಕಬ್ಯಾಡ್ರಿ

ಎಲ್ಲಾರಿಗೂ ನಮಸ್ಕಾರ್ರಿ. ಹಳೇ ಕಂಪ್ಯೂಟರಿಗೆ ವಿಂಡೋಸ್ ಬದಲಿ ಲಿನಕ್ಸ್ ಮಿಂಟ್ ಅನ್ನೋ ಪುಕ್ಕಟ ಆಪರೇಟಿಂಗ್ ಸಿಸ್ಟಂ ಹಾಕೋ ಬಗ್ಗೆ ಬರದೀನಿ. ಬರಹ ಸ್ವಲ್ಪ ಉದ್ದ ಐತಿ, ಪುರಸೊತ್ತಿದ್ದಾಗ ಓದ್ರಿ.

ಈಗ ವಿಜಯಪುರದಾಗ ಯಾವ ಕಂಪ್ಯೂಟರ್ ಅಂಗಡಿಗೆ ಹೋದ್ರೂ ಒಂದ ರಾಗ. "ಸರ್ ಇದು ಹಳೇದಾತ್ರಿ, ವಿಂಡೋಸ್ 11 ಬರಂಗಿಲ್ಲ ಇದಕ್ಕ, ಎಕ್ಸ್‌ಚೇಂಜ್‌ನ್ಯಾಗ ಹೊಸಾದ ತಗೊಂಡ್ಬಿಡ್ರಿ." ಅರ್ಧ ಮಾತು ಖರೇನೂ ಐತಿ. 2025 ಅಕ್ಟೋಬರ್ 14ಕ್ಕ ವಿಂಡೋಸ್ 10ಕ್ಕ ಮೈಕ್ರೋಸಾಫ್ಟ್ ಸಪೋರ್ಟ್ ನಿಲ್ಲಿಸೇತಿ, ಹೆಸರು ನೋಂದಾಯಿಸಿದವ್ರಿಗೆ ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಅಂತ ಮಾಡೇತಿ, ಅಷ್ಟ. ಇನ್ನ 11 ಹಾಕಬೇಕಂದ್ರ ಟಿಪಿಎಂ 2.0 ಅನ್ನೋ ಚಿಪ್ ಬೇಕು, ಇಂಟೆಲ್ ಆದ್ರ ಹೆಚ್ಚುಕಮ್ಮಿ 8ನೇ ಜನರೇಷನ್ ಇಲ್ಲಾ ಅದರ ಮುಂದಿನ ಪ್ರೊಸೆಸರ್ ಬೇಕು. ಅಂದ್ರ 2017ರಕ್ಕಿಂತ ಮೊದಲ ತಗೊಂಡಿದ್ದು ಬಹುತೇಕ ಎಲ್ಲಾ ಔಟ್. ಆದ್ರ ಔಟ್ ಆಗಿದ್ದು ವಿಂಡೋಸಿನ ಲೆಕ್ಕದಾಗ ರಿ, ಮಷೀನಿಗೆ ಏನೂ ಆಗಿಲ್ಲ. ನಾಲ್ಕನೇ ಜನರೇಷನ್ ಐ3, ಎಂಟು ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಇದ್ರ ಮನೀ ಕೆಲಸಕ್ಕ ಧಾರಾಳ ಆತು. ಯೂಟ್ಯೂಬು, ಬ್ಯಾಂಕು, ಪಹಣಿ ತಗಿಯೋದು, ಹುಡುಗುರ ಸ್ಕಾಲರ್‌ಶಿಪ್ ಅರ್ಜಿ, ಒಂದೆರಡು ಪತ್ರ ಬರಿಯೋದು, ಇದನ್ನ ಬಿಟ್ಟು ನಮ್ಮ ಮನಿ ಕಂಪ್ಯೂಟರಿನ್ಯಾಗ ಮತ್ತೇನ ನಡೀತೈತ್ರಿ?

ಹೊಸಾದ ತಗೊಳ್ಳದವ್ರಿಗೆ ಅಂಗಡ್ಯಾಗ ಎರಡನೇ ದಾರಿ ತೋರಸ್ತಾರ, ಅದು ಇನ್ನೂ ಕೆಟ್ಟದ್ದು. ವಿಂಡೋಸ್ ಮಾಡೋ ಚಿಪ್, ಪ್ರೊಸೆಸರ್ ತಪಾಸಣಿ ದಾಟಿಸಿ 11 ಹಾಕ್ತಾರ, ಲೈಸೆನ್ಸ್ ಇಲ್ಲದ ವಿಂಡೋಸ್ ನಡಿಯೋಹಂಗ ಮಾಡಾಕ ಆ್ಯಕ್ಟಿವೇಟರ್ ಅಂತ ಒಂದು ಸಣ್ಣ ಫೈಲ್ ಓಡಸ್ತಾರ, ಅದು ಓಡಬೇಕಂದ್ರ ಮೊದಲ ಆ್ಯಂಟಿವೈರಸ್ ಬಂದ್ ಮಾಡಬೇಕು. ಇದನ್ನ ಒಂದ ಸಲ ಯೋಚನಿ ಮಾಡ್ರಿ. ಯಾರು ಬರದಾರೋ ಗೊತ್ತಿಲ್ಲದ ಪ್ರೋಗ್ರಾಂಗೆ ಮನೀ ಬಾಗಲಾ ಪೂರ್ತಿ ತಗದು, ಸಂಜಿಗೆ ಅದ ಕಂಪ್ಯೂಟರಿನ್ಯಾಗ ಕುಂತು ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಹೊಡೀತೀವಿ. ನಾವು ತರಕಾರಿ ತಗೊಳ್ಳಾಕ ಹೋದ್ರ ಬದನಿಕಾಯಿ ತಿರುಗಿಸಿ ತಿರುಗಿಸಿ ನೋಡೋ ಮಂದಿ, ಇದನ್ನ ಮಾತ್ರ ನೋಡಂಗಿಲ್ಲ.

ಅದಕ್ಕ ನಾನು ನಮ್ಮ ಮನ್ಯಾಗ, ಕಾಕಾನ ಮನ್ಯಾಗ, ಆಮ್ಯಾಲ ಕೇಳಿದವ್ರ ಮನ್ಯಾಗೆಲ್ಲಾ ಲಿನಕ್ಸ್ ಮಿಂಟ್ ಹಾಕೀನಿ. ಲಿನಕ್ಸ್ ಅಂದಕೂಡ್ಲೆ ಮಂದಿ ಕಣ್ಣಮುಂದ ಕರೀ ಸ್ಕ್ರೀನು, ಬಿಳೀ ಅಕ್ಷರ ಬರ್ತಾವ. ಹಂಗೇನಿಲ್ರಿ. 1991ರಾಗ ಲೈನಸ್ ಟೋರ್ವಾಲ್ಡ್ಸ್ ಅನ್ನೋ ಫಿನ್ಲೆಂಡ್ ಹುಡುಗ ಕಾಲೇಜ್ ಓದೋವಾಗ ಚಾಲೂ ಮಾಡಿದ್ದು ಈಗ ನಿಮ್ಮ ಕಿಸೇದಾಗಿನ ಆಂಡ್ರಾಯ್ಡ್ ಫೋನಿನ ಒಳಗೂ ಅದ ಐತಿ. ಸುಪ್ರೀಂ ಕೋರ್ಟಿನ ಇ-ಕಮಿಟಿ ಜಿಲ್ಲಾ ಕೋರ್ಟುಗಳಿಗೆ ಉಬುಂಟು ಲಿನಕ್ಸ್ ಹಾಕಿಕೊಟ್ಟೈತಿ, ಕೇರಳದ ಸರ್ಕಾರಿ ಸಾಲಿ ಹುಡುಗುರು ಲಿನಕ್ಸ್ ಮ್ಯಾಲೇ ಕಂಪ್ಯೂಟರ್ ಕಲೀತಾರ. ಕೋರ್ಟ್ ಗುಮಾಸ್ತರಿಗೆ ಬರೂದು, ಏಳನೇತ್ತಾ ಹುಡುಗಗ ಬರೂದು ನಮಗ ಯಾಕ ಬರಂಗಿಲ್ಲ?

ಉಬುಂಟು, ಫೆಡೋರಾ, ಝೋರಿನ್ ಅಂತ ಲಿನಕ್ಸಿನ್ಯಾಗ ಭಾಳ ನಮೂನಿ ಅದಾವ, ಯಾವದು ಚಲೋ ಅಂತ ಕೇಳಿದ್ರ ಲಿನಕ್ಸ್ ಮಂದಿ ತಮ್ಮೊಳಗ ತಾವ ಬಡದಾಡ್ತಾರ, ಆ ಜಗಳದಾಗ ಬೀಳಬ್ಯಾಡ್ರಿ. ಮೊದಲ ಸಲ ಹಾಕವ್ರು ಮಿಂಟ್ ಹಾಕ್ರಿ, ಮುಗೀತು. 2006ರಾಗ ಚಾಲೂ ಆಗಿದ್ದು, ಉಬುಂಟು ಮ್ಯಾಲ ಕಟ್ಟಿದ್ದು, ಮಂದಿ ಕೊಡೋ ದೇಣಿಗಿ ಮತ್ತ ಸ್ಪಾನ್ಸರ್ ರೊಕ್ಕದ ಮ್ಯಾಲ ನಡೀತೈತಿ (ಫ್ರೀ ಅಂದ್ರ ಒಳಗ ಏನೋ ಮೋಸ ಇರ್ತೈತಿ ಅನ್ನವ್ರಿಗೆ ಈ ಮಾತು). ಕೆಳಗ ಎಡಕ್ಕ ಮೆನು, ಬಲಕ್ಕ ಗಡಿಯಾರ, ವಿಂಡೋಸ್ 7 ಬಳಸಿದವ್ರಿಗೆ ಹೊಸಾದು ಅನಸಂಗೇ ಇಲ್ಲ. 2024ರ ಜುಲೈನ್ಯಾಗ ಬಂದ ಮಿಂಟ್ 22ರ ಸಾಲಿಗೆ 2029ರ ತನಕ ಅಪ್‌ಡೇಟ್ ಐತಿ. ಮಿಂಟ್ ಬ್ಯಾರೆ ಬ್ಯಾರೆ ರೂಪದಾಗ ಸಿಗತೈತಿ, ಅದರಾಗ ಸಿನಮನ್ ಅನ್ನೋದು ಚಂದ, ಆದ್ರ ರ‍್ಯಾಮ್ ನಾಲ್ಕ ಜಿಬಿನ ಇದ್ರ ಎಕ್ಸ್‌ಎಫ್‌ಸಿಇ ಅನ್ನೋದನ್ನ ಇಳಿಸ್ಕೋರಿ, ಹಗುರ ಐತಿ.

ಇದ್ರಾಗ ನನಗ ಭಾಳ ಸೇರಿದ್ದು ಅಂದ್ರ ಹಾಕೂಕಿಂತ ಮೊದಲ ಓಡಿಸಿ ನೋಡಬಹುದು. ಸುಮಾರು ಮೂರು ಜಿಬಿ ಫೈಲ್ ಇಳಿಸ್ಕೊಂಡು ಎಂಟು ಜಿಬಿ ಪೆನ್‌ಡ್ರೈವಿಗೆ ಬಲೇನಾ ಎಚರ್ ಅನ್ನೋ ಪ್ರೋಗ್ರಾಂ ಇಲ್ಲಾ ರೂಫಸ್‌ನಿಂದ ಬರದು, ಕಂಪ್ಯೂಟರ್ ಚಾಲೂ ಆಗೋವಾಗ ಎಫ್12 ಒತ್ತಿ (ಕೆಲವು ಕಂಪನೀವಕ್ಕ ಎಫ್9, ಕೆಲವಕ್ಕ ಎಸ್ಕೇಪ್) ಪೆನ್‌ಡ್ರೈವ್ ಆರಿಸಿದ್ರ ಡಿಸ್ಕಿಗೆ ಕೈ ಹಚ್ಚದ ಮಿಂಟ್ ಪೂರ್ತಿ ಚಾಲೂ ಆಗ್ತೈತಿ. ಅಲ್ಲೇ ವೈಫೈ ಹತ್ತತೈತೇನು, ಸೌಂಡ್ ಬರ್ತೈತೇನು, ಪ್ರಿಂಟರ್ ಗುರ್ತು ಹಿಡೀತೈತೇನು ನೋಡ್ರಿ. ಸೇರಲಿಲ್ಲಂದ್ರ ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡ್ರಿ, ವಿಂಡೋಸ್ ಇದ್ದಂಗ ಇರ್ತೈತಿ. ವೈಫೈ ಹತ್ತಲಿಲ್ಲಂದ್ರ ಗಾಬರಿ ಬ್ಯಾಡ, ಮೊಬೈಲ್ ಯುಎಸ್‌ಬಿ ಕೇಬಲ್ಲಿಗೆ ಹಚ್ಚಿ ಟೆಥರಿಂಗ್ (ಫೋನಿನ ನೆಟ್ ಕಂಪ್ಯೂಟರಿಗೆ ಕೊಡೋದು) ಆನ್ ಮಾಡಿ ಮಿಂಟಿನ ಡ್ರೈವರ್ ಮ್ಯಾನೇಜರ್ ತಗೀರಿ, ವೈಫೈ ಡ್ರೈವರ್ ಬಹಳಷ್ಟು ಸಲ ಅಲ್ಲೇ ಸಿಗತೈತಿ. ಖಾಯಂ ಹಾಕೋ ಮುಂಚೆ ಮಾತ್ರ ಲಗ್ನದ ಫೋಟೋ, ಮಾರ್ಕ್ಸ್‌ಕಾರ್ಡ್ ಸ್ಕ್ಯಾನ್, ಎಲ್ಲಾ ಬ್ಯಾರೆ ಹಾರ್ಡ್‌ಡಿಸ್ಕಿಗೆ ಹಾಕ್ಕೋರಿ. "ಎರೇಸ್ ಡಿಸ್ಕ್" ಅಂತ ಒಂದು ಆಯ್ಕೆ ಬರ್ತೈತಿ, ಅದು ಹೇಳಿದಂಗ ಮಾಡ್ತೈತಿ.

ಇಷ್ಟೆಲ್ಲಾ ಸಸಾರ. ಖರೇ ತೊಡಕು ಎಲ್ಲಿ ಅಂದ್ರ ಕನ್ನಡದಾಗ. ಯೂಟ್ಯೂಬಿನ ಇಂಗ್ಲಿಷ್ ವಿಡಿಯೋದವ್ರು ಇದನ್ನ ಯಾರೂ ಹೇಳಂಗಿಲ್ಲ, ಅವ್ರಿಗೆ ಇದು ಬೇಕಾಗೇ ಇಲ್ಲ.

ನಮ್ಮ ಕಾಕಾ ರಿಟೈರ್ಡ್ ಸಾಲಿ ಮಾಸ್ತರು, ಸುತ್ತಲಿನ ಹಳ್ಳಿ ತಿರುಗಿ ಹಂತಿ ಪದ, ಬೀಸೋ ಪದ ಬರಕೊಂಡು ಬಂದು ಎಲ್ಲಾ ನುಡಿ ಅನ್ನೋ ಕನ್ನಡ ಟೈಪಿಂಗ್ ಪ್ರೋಗ್ರಾಂನೊಳಗ ಟೈಪ್ ಮಾಡಿ ಇಟ್ಟಾರ. ಮಿಂಟ್ ಹಾಕಿದ ಮ್ಯಾಲ ಫೈಲ್ ತಗದ್ರ ಬರೇ ಇಂಗ್ಲಿಷಿನ ಕೊಂಬು ಚುಕ್ಕಿ ಹಚ್ಚಿದ ಅಕ್ಷರ. "ಏನ್ ಮಾಡಿದ್ಯೋ ತಮ್ಮಾ, ನನ್ನ ಪದ ಎಲ್ಲಿ ಹೋದೂ?" ಅಂತ ಕಾಕಾನ ದನಿ ಒಂಥರಾ ಆತು. ಪದ ಎಲ್ಲೂ ಹೋಗಿರಲಿಲ್ಲ. ನುಡಿ 01 ಇ ಅಂತ ಹಳೇ ಫಾಂಟಿನ್ಯಾಗ ಹೊಡದಿದ್ದು ಕಂಪ್ಯೂಟರಿನ ಲೆಕ್ಕಕ್ಕ ಕನ್ನಡ ಅಲ್ಲರಿ, ಒಳಗಿರೋದು ಇಂಗ್ಲಿಷ್ ಅಕ್ಷರದ ಕೋಡು, ಅದನ್ನ ಕನ್ನಡ ಆಕಾರದಾಗ ತೋರಿಸೋದು ಫಾಂಟಿನ ಕೆಲಸ. ಫಾಂಟ್ ಇಲ್ಲಂದ್ರ ಕನ್ನಡಾನೂ ಇಲ್ಲ. ನುಡಿ ಫಾಂಟ್ ಫೈಲ್ ತಂದು ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಟ್ಟೆ, ಲಿಬ್ರೆ ಆಫೀಸಿನ್ಯಾಗ (ವರ್ಡ್ ಥರದ್ದು) ಎಲ್ಲಾ ಪದ ವಾಪಸ್ ಬಂದೂ. ಓದಾಕ, ಪ್ರಿಂಟ್ ತಗಿಯಾಕ ಅಷ್ಟ ಸಾಕು.

ಆದ್ರ ಅಲ್ಲಿಗೆ ನಿಲ್ಲಬಾರದು ಅಂತ ನನ್ನ ಅಭಿಪ್ರಾಯ. ಆ ಫೈಲಿನ್ಯಾಗ "ಜ್ವಾಳ" ಅಂತ ಹುಡುಕಿದ್ರ ಸಿಗಂಗಿಲ್ಲ, ಕಾಪಿ ಮಾಡಿ ವಾಟ್ಸ್ಯಾಪಿಗೆ ಹಾಕಿದ್ರ ಆಚಿಕಡೆ ಮಂದಿಗೆ ಕಸ ಕಾಣಸ್ತೈತಿ. ಯೂನಿಕೋಡ್ ಮಾಡಲೇಬೇಕು, ಅಂದ್ರ ಕಂಪ್ಯೂಟರ್, ಫೋನ್ ಎಲ್ಲಾದಕ್ಕೂ ಕನ್ನಡ ಅಂತನ ಗುರ್ತು ಸಿಗೋ ಕೋಡಿಗೆ ಬದಲಿಸಬೇಕು. ಆಸ್ಕಿಯಿಂದ (ಆ ಹಳೇ ಕೋಡಿನಿಂದ) ಯೂನಿಕೋಡ್ ಮಾಡೋ ಕನ್ವರ್ಟರ್ ಪುಕ್ಕಟ ಸಿಗತಾವ, ಪೇಸ್ಟ್ ಮಾಡಿದ್ರ ಆತು. ಅರ್ಕಾವತ್ತು ಇದ್ದ ಕಡೆ, ಒಂದರ ಕೆಳಗ ಎರಡು ಒತ್ತು ಬಂದ ಕಡೆ ಅಲ್ಲಲ್ಲಿ ತಪ್ಪತಾವ, ಹಿಂಗಾಗಿ ಒಂದ ಸಲ ಕಣ್ಣಾಡಸಬೇಕು. ಕಾಕಾ ಅದನ್ನ ಈಗ ದಿನಾ ಮುಂಜಾನಿ ಮಾಡ್ತಾರ, ಚಹಾ ಕುಡಕೋತ. ವಿಂಡೋಸ್‌ನ್ಯಾಗ ಇದ್ದಿದ್ರ ಈ ಕೆಲಸ ಇನ್ನೂ ಹತ್ತು ವರ್ಷ ಮುಂದ ಹೋಗ್ತಿತ್ತು, ಯಾಕಂದ್ರ ಅಲ್ಲಿ ಫೈಲ್ ಕಾಣಸ್ತಿದ್ವು, ಕಾಣೋ ತನಕ ಯಾರೂ ತಲಿ ಕೆಡಿಸಿಕೊಳ್ಳಂಗಿಲ್ಲ. (ಹೊಸಾ ನುಡಿಯೊಳಗೂ ಯೂನಿಕೋಡ್ ಐತ್ರಿ, ಆದ್ರ ಡಿಟಿಪಿ ಅಂಗಡಿಗೆ ಹೋಗಿ ಕೇಳ್ರಿ, ಇನ್ನೂ 01 ಇ ನಡದೈತಿ.)

ಟೈಪಿಂಗ್ ಬಗ್ಗೆ ಹೆದರಿಕಿನೇ ಬ್ಯಾಡ. ಕೀಬೋರ್ಡ್ ಸೆಟ್ಟಿಂಗಿನ ಲೇಔಟ್‌ನ್ಯಾಗ ಪ್ಲಸ್ ಒತ್ತಿ ಕನ್ನಡ ಅಂತ ಹುಡುಕಿದ್ರ "ಕಗಪ ಫೊನೆಟಿಕ್" ಅಂತ ಬರ್ತೈತಿ. ಕನ್ನಡ ಗಣಕ ಪರಿಷತ್ತಿನ ಹೆಸರಿಂದ ಬಂದದ್ದು ಅದು, ಕೆ.ಪಿ. ರಾವ್ ಅವ್ರು ಮಾಡಿದ ಕೀಲಿಮಣಿ ವಿನ್ಯಾಸದ ಜಾತೀದ. ನುಡಿಯೊಳಗ ಕೈ ಕುಂತವ್ರಿಗೆ ಒತ್ತಕ್ಷರಕ್ಕ ಅದ ಎಫ್ ಕೀ. ಬ್ಯಾರೆ ಸಾಫ್ಟ್‌ವೇರ್ ಏನೂ ಹಾಕೋದಿಲ್ಲ, ಸಿಸ್ಟಮ್ಮಿನೊಳಗ ಕುಂತೈತಿ. ನಮ್ಮ ವೈನಿ ಸೊಲ್ಲಾಪುರದವ್ರು, ಅವ್ರಿಗೆ ಮರಾಠಿನೂ ಬೇಕಾಗಿತ್ತು, ಅದರಾಗ ಮರಾಠಿಗೂ ಕಗಪ ಲೇಔಟ್ ಐತಿ! ಫಾಂಟು ಬೇಕಂದ್ರ ಸಾಫ್ಟ್‌ವೇರ್ ಮ್ಯಾನೇಜರಿನ್ಯಾಗ ಗುಬ್ಬಿ, ನವಿಲು ಅಂತ ಹುಡುಕ್ರಿ, ಎರಡೂ ಕನ್ನಡದವರ ಮಾಡಿದ್ದು, ಎರಡೂ ಮುಕ್ತ.

ವೈರಸ್ ಬಗ್ಗೆ ಕೇಳ್ತಾರ. ಲಿನಕ್ಸಿಗೆ ವೈರಸ್ಸೇ ಬರಂಗಿಲ್ಲ ಅಂತ ಹೇಳವ್ರು ಸುಳ್ಳ ಹೇಳ್ತಾರ. ಆದ್ರ ಝೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವಿನ್ಯಾಗ ಎಲ್ಲಾ ಫೋಲ್ಡರ್ ಶಾರ್ಟ್‌ಕಟ್ ಆಗಿ ಬರ್ತಾವಲ್ಲ, ಆ ಕಾಟ ಇಲ್ಲಿ ನಡಿಯಂಗಿಲ್ಲ, ಅದು ವಿಂಡೋಸಿಗಂತ ಬರದದ್ದು. ಮಿಂಟಿನ್ಯಾಗ ಆ ಪೆನ್‌ಡ್ರೈವ್ ಹಚ್ಚಿ ಕಸ ಡಿಲೀಟ್ ಮಾಡಿ ಒಳಗಿನ ಫೈಲ್ ಉಳಿಸ್ಕೋಬಹುದು, ಆಜೂಬಾಜೂ ಮನಿಯವ್ರು ಈಗ ಈ ಕೆಲಸಕ್ಕ ನಮ್ಮನಿಗೆ ಬರ್ತಾರ.

ಇನ್ನ ಯಾರು ಹಾಕಬಾರದು? ಟ್ಯಾಲಿ ಅನ್ನೋ ಲೆಕ್ಕಪತ್ರದ ಪ್ರೋಗ್ರಾಂ ಮ್ಯಾಲ ಹೊಟ್ಟಿ ಹೊರಕೊಳ್ಳವ್ರು ಹಾಕಬ್ಯಾಡ್ರಿ. ವೈನ್ ಅಂತ ಒಂದು ಐತಿ, ಅದರ ಮ್ಯಾಲ ವಿಂಡೋಸ್ ಪ್ರೋಗ್ರಾಂ ಓಡಸಬಹುದು ಅಂತಾರ, ಆದ್ರ ಜಿಎಸ್‌ಟಿ ಕಟ್ಟೋ ಕಡೇ ದಿನ ರಾತ್ರಿ ಅದನ್ನ ನಂಬಿ ಕುಂಡ್ರೋದು ಬ್ಯಾಡ. ಡಿಜಿಟಲ್ ಸಿಗ್ನೇಚರ್ ಡಾಂಗಲ್ ಬಳಸವ್ರು, ಹೆಬ್ಬೆಟ್ಟಿನ ಮಷೀನ್ ಇಟ್ಕೊಂಡು ಸೇವಾ ಕೇಂದ್ರ ನಡಸವ್ರು, ಫೋಟೋಶಾಪ್, ಕೋರಲ್‌ಡ್ರಾದಾಗ ಲಗ್ನಪತ್ರಿಕಿ ಮಾಡವ್ರು, ನೀವೂ ವಿಂಡೋಸ್‌ನ್ಯಾಗ ಇರ್ರಿ, ಬೇಕಂದ್ರ ಎರಡೂ ಬಾಜೂಕ್ಕ ಇಟ್ಕೋರಿ, ಚಾಲೂ ಮಾಡೋವಾಗ ಯಾವದು ಅಂತ ಕೇಳ್ತೈತಿ. ನಾನು ಇದರ ಭಕ್ತ ಅಲ್ಲರಿ. ಕೆಲವರು ಲಿನಕ್ಸ್ ಹಾಕ್ಕೊಂಡ ಕೂಡ್ಲೆ ವಿಂಡೋಸ್ ಬಳಸವ್ರನ್ನ ಕೀಳಾಗಿ ನೋಡ್ತಾರ, ಅವ್ರಿಂದನ ಮಂದಿ ಇದಕ್ಕ ದೂರ ಸರೀತಾರ.

ಇನ್ನೊಂದು ಮಾತು, ಇದು ನನ್ನಂಗ ಬ್ಯಾರೆಯವ್ರಿಗೆ ಹಾಕಿಕೊಡೋ ಹುಮ್ಮಸ್ಸಿನ ಹುಡುಗುರಿಗೆ. ಹಾಕಿಕೊಟ್ಟು ಓಡಿ ಹೋಗಬ್ಯಾಡ್ರಪಾ. ಬ್ರೌಸರ್ ಐಕಾನ್ ಡೆಸ್ಕ್‌ಟಾಪ್ ಮ್ಯಾಲ ಇಡ್ರಿ, ಬ್ಯಾಂಕಿನ ಪೇಜ್ ಬುಕ್‌ಮಾರ್ಕ್ ಮಾಡ್ರಿ, ಪ್ರಿಂಟರಿನಿಂದ ಒಂದು ಹಾಳಿ ತಗದು ಕೈಯಾಗ ಕೊಡ್ರಿ, ಟೈಮ್‌ಶಿಫ್ಟ್ ಆನ್ ಮಾಡಿ ಬರ್ರಿ, ಅಪ್‌ಡೇಟ್‌ನ್ಯಾಗ ಏನರ ಕೆಟ್ರ ನಿನ್ನಿ ಸ್ಥಿತಿಗೆ ಹೋಗಾಕ ಬರ್ತೈತಿ. ಮೊದಲನೇ ತಿಂಗಳು ಫೋನ್ ಬರ್ತಾವ, ಎತ್ತಬೇಕು. ಕಾಕಾ, ಅವ್ವ ಯಾರಿಗೂ ಟರ್ಮಿನಲ್ (ಆ ಕರೀ ಸ್ಕ್ರೀನು) ತೋರಸಬ್ಯಾಡ್ರಿ, ಬೇಕಾಗೂದೂ ಇಲ್ಲ. ಇಷ್ಟ ಮಾಡಾಕ ಆಗಲಿಲ್ಲಂದ್ರ ಅವ್ರ ಕಂಪ್ಯೂಟರಿಗೆ ಕೈ ಹಚ್ಚಬ್ಯಾಡ್ರಿ.

ಪ್ರಿಂಟರ್ ಒಂದು ಮಾತ್ರ ಮೊದಲ ವಿಚಾರ್ಸ್ಕೋರಿ. ಎಚ್‌ಪಿವು ಬಹುತೇಕ ಹಚ್ಚಿದ ಕೂಡ್ಲೆ ನಡೀತಾವ, ಕೆಲವು ಕಂಪನೀ ಹಳೇ ಸಣ್ಣ ಲೇಸರ್ ಪ್ರಿಂಟರ್ ಭಾಳ ಕಾಡ್ತಾವ. ನಿಮ್ಮ ಪ್ರಿಂಟರಿನ ಮಾಡೆಲ್ ನಂಬರ್, ರ‍್ಯಾಮ್ ಎಷ್ಟು, ಯಾವ ಪ್ರೊಸೆಸರ್, ಇಷ್ಟು ಕಮೆಂಟಿನ್ಯಾಗ ಹಾಕ್ರಿ, ಐತವಾರ ಕುಂತು ಒಬ್ಬೊಬ್ಬರಿಗೆ ಉತ್ತರ ಕೊಡ್ತೀನಿ. ಟ್ಯಾಲಿ ನಡೀತೈತೇನು ಅಂತ ಮಾತ್ರ ಮತ್ತ ಕೇಳಬ್ಯಾಡ್ರಿ.