ವಾರ್ಡ್ ಸುತ್ತಿದರೆ ವ್ಯಾಯಾಮ ಆಯ್ತಾ?

ಫಿಸಿಯೋಥೆರಪಿಸ್ಟ್ ಅಂದ್ರೆ ಜಿಮ್ ಪೋಸ್ಟರಿನಲ್ಲಿರುವವರ ಥರ ಇರಬೇಕು ಅಂತ ನಮ್ಮ ದಾವಣಗೆರೆಯಲ್ಲೂ ಬಹಳ ಜನ ಅಂದುಕೊಂಡಿದ್ದಾರೆ. ಸ್ವಲ್ಪ ಹೊಟ್ಟೆ ಕಂಡರೆ ಸಾಕು, "ಏನ್ ಸಾರ್, ನಮಗೆ ಹೇಳ್ತೀರಿ, ನೀವು ಮಾಡಲ್ವಾ?" ಅಂತ ಕೇಳುತ್ತಾರೆ. ಹೊಟ್ಟೆ ನೋಡಿ ಕೆಲಸ ಅಳೆಯುವುದು ನನಗೆ ಒಪ್ಪಿಗೆಯಿಲ್ಲ. ಆಪರೇಷನ್ ಆದ ಮಂಡಿ ಮತ್ತೆ ಮಡಚುವಂತೆ ಮಾಡಲು ಬೇಕಾದದ್ದು ಓದು ಮತ್ತು ತಾಳ್ಮೆ, ಸಿಕ್ಸ್ ಪ್ಯಾಕ್ ಅಲ್ಲ.

ಆದರೆ ಆ ಪ್ರಶ್ನೆಗೆ ನಮ್ಮ ಫಿಸಿಯೋಥೆರಪಿಸ್ಟ್‌ಗಳು ಕೊಡುವ ಉತ್ತರವೂ ಸರಿಯಿಲ್ಲ. "ಬೆಳಿಗ್ಗೆಯಿಂದ ನಿಂತೇ ಇರ್ತೀವಿ, ಮಹಡಿ ಹತ್ತಿ ಇಳೀತೀವಿ, ಇನ್ನೇನು ವ್ಯಾಯಾಮ?" ಓಡಾಟಕ್ಕೆ ಬೆಲೆಯಿಲ್ಲ ಅಂತಲ್ಲ. 1953ರಲ್ಲಿ ಬ್ರಿಟನ್ನಿನ ವೈದ್ಯ ಜೆರ್ರಿ ಮಾರಿಸ್ ಅವರ ತಂಡ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನವರನ್ನು ಅಧ್ಯಯನ ಮಾಡಿತ್ತು. ಕೂತೇ ಇರುವ ಡ್ರೈವರ್‌ಗಳಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್‌ಗಳಲ್ಲಿ ಹೃದ್ರೋಗ ಕಡಿಮೆ ಇತ್ತು. ಸರಿ, ಆದರೆ ಕಂಡಕ್ಟರ್ ಪ್ರಯಾಣಿಕರನ್ನು ಎತ್ತಿ ಸೀಟಿಗೆ ಕೂರಿಸಬೇಕಾಗಿರಲಿಲ್ಲ!

ನಾವು ಎತ್ತುತ್ತೇವೆ. ಲಕ್ವಾ ಹೊಡೆದವರನ್ನು ಮಂಚದಿಂದ ವೀಲ್‌ಚೇರಿಗೆ ಕೂರಿಸುವಾಗ ಅವರ ಅರ್ಧ ಮೈ ಸಹಕರಿಸುವುದಿಲ್ಲ. ಮಂಚ ತಗ್ಗು, ಜಾಗ ಇಕ್ಕಟ್ಟು. ನಡುವೆ ಅವರು ಗಾಬರಿಯಾಗಿ ನಮ್ಮ ಕುತ್ತಿಗೆಗೇ ಜೋತುಬೀಳುತ್ತಾರೆ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯೋಶ್ (NIOSH) ಸಂಸ್ಥೆಯ ಸೂತ್ರದ ಪ್ರಕಾರ, ಎಲ್ಲ ಅನುಕೂಲ ಇದ್ದಾಗಲೂ ರೋಗಿಯನ್ನು ಕೈಯಲ್ಲಿ ಎತ್ತುವವರ ಮೇಲೆ 35 ಪೌಂಡ್, ಅಂದ್ರೆ ಸುಮಾರು 16 ಕೆಜಿಗಿಂತ ಜಾಸ್ತಿ ಭಾರ ಬೀಳಬಾರದು. ನಮ್ಮ ವಾರ್ಡ್‌ಗಳಲ್ಲಿ ಈ ಲೆಕ್ಕ ಹೇಳಿದರೆ ನಗುತ್ತಾರೆ. ಸೊಂಟ ನೋವಿಗೆ ಚಿಕಿತ್ಸೆ ಕೊಡುವವರೇ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಬರುತ್ತಾರೆ. ಮಸಾಜು, ಮೊಬಿಲೈಸೇಷನ್ (ಬಿಗಿದ ಕೀಲನ್ನು ಕೈಯಿಂದ ಒತ್ತಿ ಸಡಿಲಿಸುವುದು) ಮಾಡಿ ಮಾಡಿ ಹೆಬ್ಬೆರಳು ನೋವು ಬೇರೆ.

ನಮ್ಮದು ಗರಡಿ ಮನೆಗಳ ಊರು. ಪೈಲ್ವಾನ ಎದುರಾಳಿಯನ್ನು ಎತ್ತುವ ಮೊದಲು ವರ್ಷಗಟ್ಟಲೆ ದಂಡ, ಬಸ್ಕಿ ಹೊಡೆಯುತ್ತಾನೆ. ನಾವು ಕಾಲೇಜಿನಲ್ಲಿ ಎತ್ತುವ ಕ್ರಮ ಕಲಿಯುತ್ತೇವೆ, ಎತ್ತುವ ಮೈ ಮಾಡಿಕೊಳ್ಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಚಟುವಟಿಕೆ ಮಾತ್ರ ಅಲ್ಲ. ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮವೂ ಬೇಕು. ಇದನ್ನು ರೋಗಿಗಳಿಗೆ ಬಾಯಿಪಾಠ ಒಪ್ಪಿಸುವವರು ನಾವೇ ಅಲ್ವಾ?

ಹಾಗಂತ ಸುಮ್ನೆ "ಸೋಮಾರಿಗಳು" ಅನ್ನಲು ನನಗೆ ಮನಸ್ಸಿಲ್ಲ. ನೈಟ್ ಡ್ಯೂಟಿ ಮುಗಿಸಿ, ಮನೆಗೆ ಹೋಗಿ ಮಕ್ಕಳ ಡಬ್ಬಿ ಕಟ್ಟುವ ಸಿಸ್ಟರ್‌ಗೆ "ಕುಂದವಾಡ ಕೆರೆ ಸುತ್ತಿ ಬನ್ನಿ" ಅಂದರೆ ಬೈಸಿಕೊಳ್ಳಬೇಕಾಗುತ್ತದೆ. ಬೈಯಲೂಬೇಕು. ಆಸ್ಪತ್ರೆ ನಡೆಸುವವರು ಡ್ಯೂಟಿ ಹೊತ್ತಿನಲ್ಲೇ ವ್ಯಾಯಾಮಕ್ಕೆ ಇಪ್ಪತ್ತು ನಿಮಿಷ ಬಿಡಬೇಕು. ನಮ್ಮ ಡಿಪಾರ್ಟ್‌ಮೆಂಟಿನಲ್ಲೇ ಡಂಬೆಲ್, ಎಳೆದು ವ್ಯಾಯಾಮ ಮಾಡುವ ರಬ್ಬರ್ ಪಟ್ಟಿ ಥೆರಾಬ್ಯಾಂಡ್ ಇವೆ, ಹೊಸದಾಗಿ ಏನೂ ಕೊಳ್ಳಬೇಕಿಲ್ಲ. ಕೊಳ್ಳಲೇಬೇಕಾದದ್ದು ರೋಗಿಯನ್ನು ಎತ್ತದೆ ಜಾರಿಸುವ ಸ್ಲೈಡ್ ಶೀಟ್, ರೋಗಿಯ ಸೊಂಟಕ್ಕೆ ಕಟ್ಟಿ ಹಿಡಿದುಕೊಳ್ಳುವ ಟ್ರಾನ್ಸ್‌ಫರ್ ಬೆಲ್ಟ್. ಎಷ್ಟೇ ಬಸ್ಕಿ ಹೊಡೆದರೂ ಅವುಗಳ ಕೆಲಸವನ್ನು ಸೊಂಟ ಮಾಡಲಾರದು.

ಸೆಪ್ಟೆಂಬರ್ 8, ವಿಶ್ವ ಫಿಸಿಯೋಥೆರಪಿ ದಿನ. ಊರಿಗೆಲ್ಲ ಉಚಿತ ಶಿಬಿರ ಮಾಡುವ ಗೆಳೆಯರೇ, ಈ ಸಲ ಒಂದನ್ನು ನಿಮ್ಮ ಆಸ್ಪತ್ರೆಯವರಿಗೇ ಮಾಡಿ. ಮೊದಲು ಆಯಾಗಳನ್ನು, ವಾರ್ಡ್ ಬಾಯ್‌ಗಳನ್ನು ಕರೆಯಿರಿ. ನಮಗಿಂತ ಜಾಸ್ತಿ ಎತ್ತುವವರು ಅವರು, ಎತ್ತುವ ಕ್ರಮವನ್ನು ಅವರಿಗೆ ಹೇಳಿಕೊಟ್ಟವರು ಕಡಿಮೆ.